ನಿಲ್ಲಿಸಿದ ಮಾತ್ರೆ, ಹಚ್ಚಿದ ಕ್ರೀಮು

ನನ್ನ ತಂಗಿಯ ಮಗಳ ಮುಖವನ್ನು ಮದುವೆಗೆ ತಯಾರು ಮಾಡಲು ನಮ್ಮ ಮನೆಯವರು ಸುರಿದದ್ದು ಎಪ್ಪತ್ತೆಂಟು ಸಾವಿರ ರೂಪಾಯಿ. ಅದರ ಮೇಲೆ ಒಂದು ಟ್ರ್ಯಾಕ್ಟರ್ ತುಂಬ ಹುಲ್ಲು. ಹುಲ್ಲಿನ ಕಥೆ ಆಮೇಲೆ. ಇಷ್ಟು ದುಡ್ಡಿನಲ್ಲಿ ಡಾಕ್ಟರಿಗೂ ಔಷಧಿ ಅಂಗಡಿಗೂ ಹೋದದ್ದು ಒಂದು ಸಾಧಾರಣ ಸೀರೆಯ ಬೆಲೆಯಷ್ಟೂ ಇಲ್ಲ. ಉಳಿದದ್ದೆಲ್ಲ, ಚೆನ್ನಾಗಿದ್ದ ಮುಖವನ್ನು ಕೆಡಿಸಿಕೊಳ್ಳಲು ಕೊಟ್ಟ ಕೂಲಿ. ಇಷ್ಟು ಯಾಕಾಯಿತೆಂದರೆ, ನಾಚಿಕೆಯಿಂದ ಒಂದು ಮಾತ್ರೆಯನ್ನು ನಿಲ್ಲಿಸಿದರು, ಮಡಿಯ ಹೆಸರಿನಲ್ಲಿ ಇನ್ನೊಂದು ಮಾತ್ರೆಯನ್ನು ತಿನ್ನಿಸಿದರು, ಎರಡರಿಂದಲೂ ಕೆಟ್ಟದ್ದನ್ನು ಮುಚ್ಚಲು ಬ್ಯೂಟಿ ಪಾರ್ಲರಿಗೆ ಹಣ ಕಟ್ಟಿದರು. ನಮ್ಮವರಿಗೆ ಬುದ್ಧಿಯೊಂದನ್ನು ಬಿಟ್ಟು ಎಲ್ಲಕ್ಕೂ ಖರ್ಚು ಮಾಡಲು ಕೈ ಬರುತ್ತದೆ.

ನಾನು ಸೀರೆ ಮಾರುವವಳು. ತಮಿಳುನಾಡಿನ ಚಿನ್ನಾಳಪಟ್ಟಿಯ ಮಗ್ಗದವರ ಮನೆಗಳಿಂದ ಸೀರೆ ಎತ್ತಿ, ಗಂಟು ಕಟ್ಟಿ, ಬಸ್ಸಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಕಂಬಂ ಕಣಿವೆಯ ಊರೂರು ತಿರುಗಿ ಶುರು ಮಾಡಿದೆ. ಈಗ ತೇನಿಯಲ್ಲಿ ಸ್ವಂತ ಅಂಗಡಿ ಇದೆ. ನಮ್ಮ ಮನೆ ಮಾತು ಕನ್ನಡ, ಶಾಲೆ ತಮಿಳು. ಕನ್ನಡದ ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ, ಮೈಸೂರು ಕಡೆಯ ವ್ಯಾಪಾರಿಗಳು ಬರೆದು ಕೊಡುವ ಬಿಲ್ಲನ್ನು ಓದುವುದಕ್ಕೆ. ಓದಲು ಬರುತ್ತದೆಂದು ಗೊತ್ತಾದ ದಿನದಿಂದ ಅವರ ಲೆಕ್ಕ ಸರಿಯಾಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಏನು ಕೊಳ್ಳುತ್ತಿದ್ದೇನೆಂದು ತಿಳಿಯದೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಆ ಜಾತಿಯ ಜನ ಹೆಚ್ಚಾಗಿ ನನ್ನ ಬಳಗದಲ್ಲೇ ಹುಟ್ಟಿದ್ದಾರೆ.

ಹುಡುಗಿಯದು ವೇದಸಂದೂರಿನ ನೂಲಿನ ಗಿರಣಿಯೊಂದರ ಆಫೀಸಿನಲ್ಲಿ ಕೆಲಸ, ವಾಸ ದಿಂಡಿಗಲ್ಲಿನ ಹಾಸ್ಟೆಲಿನಲ್ಲಿ. ಅವಳ ತಾಯಿ, ಅಂದರೆ ನನ್ನ ತಂಗಿ, ಇರುವುದು ಕಂಬಂನಲ್ಲಿ. ಕಾಲೇಜಿಗೆ ಹೋಗುವ ವಯಸ್ಸಿನಿಂದಲೇ ಹುಡುಗಿಗೆ ಮುಟ್ಟು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಒಮ್ಮೆ ಎರಡು ತಿಂಗಳು ಇಲ್ಲ, ಒಮ್ಮೆ ನಾಲ್ಕು ತಿಂಗಳು ಇಲ್ಲ. ದವಡೆಯ ಉದ್ದಕ್ಕೂ ಕಡಲೆ ಗಾತ್ರದ ಗಟ್ಟಿ ಮೊಡವೆ, ಗದ್ದದ ಕೆಳಗೆ ಕೆಲವು ಒರಟು ಕೂದಲು. ತಂಗಿ ಕಡಲೆಹಿಟ್ಟು ಹಚ್ಚಿದಳು, ಕಸ್ತೂರಿ ಅರಿಶಿನ ಹಚ್ಚಿದಳು, ಎಣ್ಣೆ ಪದಾರ್ಥ ನಿಲ್ಲಿಸಿದಳು, ಕಣ್ಣು ಬಿದ್ದಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೊಡವೆ ಅಲ್ಲೇ ಇತ್ತು. ಸಂಬಳ ಕೈಗೆ ಬಂದ ಮೇಲೆ ಹುಡುಗಿ ಯಾರನ್ನೂ ಕೇಳದೆ ದಿಂಡಿಗಲ್ಲಿನ ಹೆಂಗಸರ ಡಾಕ್ಟರ ಹತ್ತಿರ ಹೋದಳು. ಅವರು ಸ್ಕ್ಯಾನ್ ಮಾಡಿ, ರಕ್ತ ನೋಡಿ, ಇದು ಹಾರ್ಮೋನಿನ ಏರುಪೇರು, ಚರ್ಮದ ಕಾಯಿಲೆಯಲ್ಲ ಎಂದರು. ಬಿ.ಪಿ. ನೋಡಿ, ಮನೆಯಲ್ಲಿ ಯಾರಿಗೆ ಏನಿದೆ ಎಂದೆಲ್ಲ ವಿಚಾರಿಸಿ, ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅರ್ಧ ವರ್ಷ ಆಗುವುದರೊಳಗೆ ದವಡೆ ನುಣುಪಾಯಿತು. ಮುಟ್ಟು ಕ್ಯಾಲೆಂಡರು ನೋಡಿಕೊಂಡು ಬಂದ ಹಾಗೆ ಬರತೊಡಗಿತು. ಆ ಮುಖ ನೋಡಿಯೇ ಗೂಡಲೂರಿನ ದ್ರಾಕ್ಷಿ ತೋಟದವರು ಹೆಣ್ಣು ಕೇಳಿದ್ದು.

ನಿಶ್ಚಯದ ದಿನ ಕಂಬಂನ ಮನೆ ತುಂಬ ಜನ. ನಾನು ಹಿತ್ತಿಲಿನಲ್ಲಿ ಅಡಿಗೆಯವನ ಜೊತೆ ಎಲೆಗೆ ಎಷ್ಟು ಎಂದು ಚೌಕಾಸಿ ಮಾಡುತ್ತಿದ್ದೆ. ಒಳಗೆ ನಡೆದದ್ದು ನನಗೆ ತಿಳಿದದ್ದು ಬಹಳ ತಡವಾಗಿ, ಹುಡುಗಿಯ ಬಾಯಿಂದ. ತಂಗಿಯ ನಾದಿನಿ ಒಬ್ಬಳಿದ್ದಾಳೆ. ಯಾರ ಮನೆಯ ಡಬ್ಬಿಯಲ್ಲಿ ಏನಿದೆ ಎಂದು ಆ ಮನೆಯವರಿಗಿಂತ ಚೆನ್ನಾಗಿ ಬಲ್ಲವಳು. ಸೆರಗಿಗೆ ಸೇಫ್ಟಿ ಪಿನ್ ಬೇಕೆಂದು ಹುಡುಗಿಯ ಕೈಚೀಲಕ್ಕೆ ಕೈ ಹಾಕಿದಳು. ಪಿನ್ನಿನ ಬದಲು ಮಾತ್ರೆಯ ಹಾಳೆ ಸಿಕ್ಕಿತು. ಅವಳ ಕಾಲದಲ್ಲಿ ಮಕ್ಕಳಾಗದಿರಲಿ ಎಂದು ತಿನ್ನುತ್ತಿದ್ದ ಮಾತ್ರೆಯೂ ಅದೇ ರೀತಿಯದು. ನೋಡಿದ ಕೂಡಲೇ ಗುರುತು ಹಿಡಿದಳು.

“ಏನ್ ಡೀ ಇದು? ಕಲ್ಯಾಣ ಆಗೋಕ್ ಮುಂಚೆನೇ ಪಿಳ್ಳೆ ಬ್ಯಾಡಾ ಅಂತ ಮಾತ್ರೆಯಾ?”

“ಮೊಗಕ್ಕೆ ಅತ್ತೆ. ಡಾಕ್ಟರಮ್ಮ ಕೊಟ್ಟದ್ದು.”

“ಮೊಗಕ್ಕೆ ಅಂದ್ರೆ ಮೊಗದ ಮ್ಯಾಲೆ ಹಚ್ತಾರೆ. ಬಾಯಲ್ಲಿ ತಿಂತಾರಾ?”

ಈ ತರ್ಕಕ್ಕೆ ಇಡೀ ಕೋಣೆ ತಲೆಯಾಡಿಸಿತಂತೆ. ತಂಗಿ ಬಾಗಿಲು ಹಾಕಿ ಮಗಳ ಮುಂದೆ ಅತ್ತಳು. “ಗೂಡಲೂರಿನ ಮಾಪ್ಳೆ ಮನೇರಿಗೆ ತಿಳಿದ್ರೆ ಕಲ್ಯಾಣ ನಿಂತೋಗುತ್ತೆ. ನಿನ್ನ ಮೊಡವೆಗೋಸ್ರ ನಿಮ್ಮಪ್ಪ ತಲೆ ತಗ್ಗಿಸ್ಬೇಕಾ?” ಎಂದಳು. ಹುಡುಗಿ ಆಫೀಸಿನಲ್ಲಿ ನಾಲ್ಕು ಜನ ಗಂಡಸರನ್ನು ಕೆಲಸ ಮಾಡಿಸುವವಳು. ಅಮ್ಮನ ಕಣ್ಣೀರಿನ ಮುಂದೆ ಮಾತ್ರ ಉಳಿದ ಹಾಳೆಗಳನ್ನೂ ತಾನೇ ಎತ್ತಿ ಕೊಟ್ಟಳು. ಮಾತ್ರೆಗಳು ಗೊಬ್ಬರದ ಗುಂಡಿಗೆ ಬಿದ್ದವು. ಡಾಕ್ಟರನ್ನು ಒಂದು ಮಾತು ಕೇಳೋಣ ಎಂದು ಆ ಮನೆಯಲ್ಲಿ ಒಬ್ಬರಿಗೂ ತೋಚಲಿಲ್ಲ. ಟ್ರ್ಯಾಕ್ಟರಿನ ಎಣ್ಣೆ ಬದಲಿಸುವ ಮೊದಲು ಮೆಕ್ಯಾನಿಕ್ಕನ್ನು ಕೇಳುವ ಜನ ಇವರು.

ಎರಡು ತಿಂಗಳಿಗೆ ದವಡೆಯಲ್ಲಿ ಹಳೆಯ ಮೊಡವೆ ಹಾಜರಾಯಿತು. ಮುಟ್ಟು ಮತ್ತೆ ಕಾಣೆಯಾಯಿತು. ನಾದಿನಿ ಅದಕ್ಕೂ ದಾರಿ ಕಂಡುಹಿಡಿದಳು. ದಿಂಡಿಗಲ್ಲಿನಲ್ಲಿ ಮಹಡಿಯ ಮೇಲಿನ ಒಂದು ಪಾರ್ಲರು, ಮೆಟ್ಟಿಲಿನ ತುಂಬ ಮದುವಣಗಿತ್ತಿಯರ ಫೋಟೋಗಳು, ಎಲ್ಲರ ಮುಖವೂ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ. ಅಲ್ಲಿ ಮದುಮಗಳಿಗೆ ಮೂರು ಬಗೆಯ ಪ್ಯಾಕೇಜು: ಬೆಳ್ಳಿ, ಬಂಗಾರ, ವಜ್ರ. ತಂಗಿ ವಜ್ರಕ್ಕೆ ಹಣ ಕಟ್ಟಿದಳು. ಮನೆಗೆ ತಗೊಂಡು ಹೋಗಿ ರಾತ್ರಿ ಹಚ್ಚಿಕೊಳ್ಳಲಿ ಎಂದು ಆ ಪಾರ್ಲರಮ್ಮ ಚಿಕ್ಕ ಬಿಳಿ ಡಬ್ಬಿಗಳನ್ನು ಕೊಟ್ಟಳು. ಡಬ್ಬಿಯ ಮೇಲೆ ಹೆಸರಿಲ್ಲ, ಯಾವಾಗ ಮಾಡಿದ್ದು ಎಂದಿಲ್ಲ, ಒಳಗೆ ಏನಿದೆ ಎಂದಿಲ್ಲ. ಸಂತೆಯಲ್ಲಿ ಬದನೆಕಾಯಿಯನ್ನು ಒತ್ತಿ, ತಿರುಗಿಸಿ, ತೊಟ್ಟು ಮುರಿದು ನೋಡಿ ಕೊಳ್ಳುವ ನನ್ನ ತಂಗಿ, ಮಗಳ ಮುಖಕ್ಕೆ ಹಚ್ಚುವುದನ್ನು ಮೂಸಿಯೂ ನೋಡದೆ ಚೀಲಕ್ಕೆ ಹಾಕಿಕೊಂಡಳು.

ಮೊದಲ ಕೆಲವು ವಾರ ಮುಖ ಮೊಟ್ಟೆ ಸುಲಿದ ಹಾಗೆ ಬೆಳ್ಳಗಾಯಿತು. ತಂಗಿ ಫೋನಿನಲ್ಲಿ ಫೋಟೋ ಕಳಿಸಿ, “ನೋಡಕ್ಕಾ, ರೊಂಬ ಚೆನ್ನಾಗದೆ” ಎಂದಳು. ನನಗೆ ಅಂಗಡಿಯಲ್ಲಿ ಮದುವೆ ಸೀಸನ್ನು. ಫೋನಿನ ಫೋಟೋದಲ್ಲಿ ಈಗ ಎಮ್ಮೆಯೂ ಬೆಳ್ಳಗೆ ಕಾಣುತ್ತದೆ ಎಂದುಕೊಂಡು ಬಿಟ್ಟೆ.

ಇನ್ನು ದನಗಳ ವಿಷಯ. ಕಂಬಂನಲ್ಲಿ ನಮ್ಮವರಿಗೆ ದೇವರ ದನಗಳ ಒಂದು ದೊಡ್ಡಿ ಇದೆ, ತೊಳು ಎನ್ನುತ್ತೇವೆ. ಆ ದನಗಳನ್ನು ಮಾರುವುದಿಲ್ಲ, ಹೂಡುವುದಿಲ್ಲ. ನಮ್ಮ ಹಿರಿಯರು ಈ ಕಣಿವೆಗೆ ದನಗಳ ಹಿಂದೆ ನಡೆದು ಬಂದರು ಎಂಬುದು ನಾವು ಹೇಳಿಕೊಳ್ಳುವ ಮಾತು. ಅದಕ್ಕೇ ನಮ್ಮ ಮನೆತನದಲ್ಲಿ ಮದುವೆಗೆ ಮುಂಚೆ ಹೆಣ್ಣನ್ನು ತೊಳುವಿಗೆ ಕರೆದೊಯ್ದು ದೇವರೆತ್ತಿನ ಗೊರಸಿಗೆ ಅರಿಶಿನದ ನೀರು ಹುಯ್ಯಿಸುತ್ತಾರೆ. ಮುಟ್ಟಾದವಳು ಆ ಬೇಲಿಯೊಳಗೆ ಕಾಲಿಡಕೂಡದು. ಈ ಹುಡುಗಿಯ ಮುಟ್ಟು ಯಾವ ದಿನ ಬರುತ್ತದೆಂದು ಈಗ ಯಾರಿಗೂ ತಿಳಿಯದು. ಕ್ಯಾಲೆಂಡರಿನಂತೆ ಬರಿಸುತ್ತಿದ್ದ ಮಾತ್ರೆಯನ್ನು ಇವರೇ ಗುಂಡಿಗೆ ಹಾಕಿದ್ದಾರೆ. ಹಾಗಾಗಿ ನಾದಿನಿ ಔಷಧಿ ಅಂಗಡಿಗೆ ಹೋಗಿ, ಚೀಟಿಯಿಲ್ಲದೆ, ಮುಟ್ಟು ಮುಂದೆ ತಳ್ಳುವ ಮಾತ್ರೆ ತಂದಳು. ಮುಟ್ಟಿನ ದಿನ ಗೊತ್ತಿದ್ದವರು, ಡಾಕ್ಟರು ಹೇಳಿದರೆ, ಕೆಲವು ದಿನ ತಿನ್ನುವ ಮಾತ್ರೆ ಅದು. ದಿನವೇ ಗೊತ್ತಿಲ್ಲವಲ್ಲ, ಅದಕ್ಕೆ ಈಗಿನಿಂದಲೇ ತಿನ್ನಲಿ, ತೊಳುವಿನ ಪೂಜೆಯೂ ಆಗಲಿ, ಅರಿಶಿನ ಹಚ್ಚುವುದೂ ಆಗಲಿ, ತಾಳಿಯೂ ಆಗಲಿ ಎಂದು ದಿನಾ ಹಾಸ್ಟೆಲಿಗೆ ಫೋನ್ ಮಾಡಿ ವಾರಗಟ್ಟಲೆ ತಿನ್ನಿಸಿದಳು. ಒಂದು ಹಾರ್ಮೋನು ಮಾತ್ರೆ ಪಾಪ, ಇನ್ನೊಂದು ಹಾರ್ಮೋನು ಮಾತ್ರೆ ಪುಣ್ಯ. ಎರಡರಲ್ಲೂ ಏನಿದೆ ಎಂದು ನೋಡಿದವರು ಯಾರೂ ಇಲ್ಲ.

ಮದುವೆಗೆ ಮೂರು ವಾರ ಇರುವಾಗ ಹುಡುಗಿ ಮುಹೂರ್ತದ ಸೀರೆ ಆರಿಸಲು ನನ್ನ ಅಂಗಡಿಗೆ ಬಂದಳು. ಬಿಸಿಲಿಗೆಂದು ಮುಖಕ್ಕೆ ದುಪಟ್ಟಾ ಸುತ್ತಿದ್ದಳು. ಒಳಗೆ ಫ್ಯಾನಿನ ಕೆಳಗೆ ಕೂತ ಮೇಲೂ ಬಿಚ್ಚಲಿಲ್ಲ. ಸೀರೆ ಆರಿಸುವಾಗ ನಾನು ಸೀರೆ ನೋಡುವುದಿಲ್ಲ, ಮೊದಲು ಮುಖ ನೋಡುತ್ತೇನೆ. ಮುಖದ ಬಣ್ಣಕ್ಕೆ ಸೆರಗನ್ನು ಭುಜದ ಮೇಲೆ ಹಾಕಿ ಕನ್ನಡಿಯಲ್ಲಿ ತೋರಿಸುತ್ತೇನೆ. ನನ್ನ ವ್ಯಾಪಾರದ ಅರ್ಧ ಗುಟ್ಟು ಇದು.

“ದುಪಟ್ಟಾ ತೆಗಿ,” ಎಂದೆ.

“ಬ್ಯಾಡಾ ದೊಡ್ಡವ್ವ. ನೀನೇ ಒಂದು ಎತ್ತಿ ಕೊಡು. ಯಾವ್ದಾದ್ರೂ ಪರವಾಯಿಲ್ಲೆ.”

“ಮುಖ ನೋಡ್ದೆ ಸೀರೆ ಕೊಡೋಕೆ ಇದು ರೇಶನ್ ಅಂಗಡಿ ಅಲ್ಲ ಡೀ.”

ಬಿಚ್ಚಿದಳು. ಕೆನ್ನೆ ಎರಡೂ ಬೆಂದ ಹಾಗೆ ಕೆಂಪು, ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳು, ಕೆಳಗಿನ ಸಣ್ಣ ನರಗಳು ಕಾಣುತ್ತಿದ್ದವು. ದವಡೆಯಲ್ಲಿ ಕೀವು ತುಂಬಿದ ಗುಳ್ಳೆಗಳು. ಮುಖ ಊದಿತ್ತು. ನಾನು ಕೈಯಲ್ಲಿದ್ದ ಕೆಂಪು ರೇಷ್ಮೆಯನ್ನು ಮಡಚಿ ಇಟ್ಟೆ. ಆ ಕೆನ್ನೆಯ ಪಕ್ಕದಲ್ಲಿ ಯಾವ ಕೆಂಪೂ ನಿಲ್ಲುವುದಿಲ್ಲ.

“ಇದು ನನ್ ಮೊಗ ದಾನೆ ದೊಡ್ಡವ್ವ? ಕನ್ನಡಿ ನೋಡಿದ್ರೆ ಯಾರೋ ಬಂದು ಕೂತಂಗದೆ,” ಎಂದಳು. ಅಳಲಿಲ್ಲ. ತಮಾಷೆ ಮಾಡುವವಳಂತೆ ಹೇಳಿದಳು, ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಆಮೇಲೆ ಒಂದೊಂದಾಗಿ ಎಲ್ಲ ಬಿಚ್ಚಿಟ್ಟಳು: ಸೇಫ್ಟಿ ಪಿನ್ನು, ಗೊಬ್ಬರದ ಗುಂಡಿ, ಬಿಳಿ ಡಬ್ಬಿ, ತಳ್ಳುವ ಮಾತ್ರೆ. ಎದೆ ನೋಯುತ್ತದೆ, ಹೊಟ್ಟೆ ಉಬ್ಬುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ ಎಂದಳು. ಕೊನೆಗೆ, “ಮುಖ ಹೋದ್ರೆ ಹೋಗ್ಲಿ. ಕಲ್ಯಾಣ ಆದ್ಮ್ಯಾಲೂ ಇಂಗೇ ಯಾರ್ಗೂ ಕಾಣ್ದಂಗೆ ಒಳಿಸಿಟ್ಟು ಒಳಿಸಿಟ್ಟು ತಿನ್ಬೇಕಾ, ಇಲ್ಲ ತಿನ್ನದೇ ಇರ್ಬೇಕಾ? ಅಷ್ಟು ಹೇಳು,” ಎಂದು ಕೇಳಿದಳು.

ಅವಳಿಗೆ ಬೇಕಾದದ್ದು ಸೀರೆಯೂ ಅಲ್ಲ, ಹೊಳಪೂ ಅಲ್ಲ. ಗೂಡಲೂರಿನ ಮನೆಯಲ್ಲಿ ತನ್ನ ಮದ್ದನ್ನು ತಾನು ತಿನ್ನುವಷ್ಟು ಜಾಗ. ನಮ್ಮ ಬಳಗದ ಹೆಂಗಸರು ಮೂರು ತಿಂಗಳು ಅವಳ ಮುಖದ ಮೇಲೆ ಬಗ್ಗಿ ನಿಂತು ನೋಡಿದ್ದರಲ್ಲಿ, ಇದೊಂದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮರುದಿನ ಅಂಗಡಿ ಕೆಲಸದವರಿಗೆ ಬಿಟ್ಟು ಅವಳನ್ನು ದಿಂಡಿಗಲ್ಲಿಗೆ ಕರೆದುಕೊಂಡು ಹೋದೆ. ಅದೇ ಹಳೆಯ ಡಾಕ್ಟರು. ಬಿಳಿ ಡಬ್ಬಿಯನ್ನು ತೆರೆದು, ಇದರಲ್ಲಿ ಸ್ಟೀರಾಯ್ಡ್ ಇರುವ ಹಾಗಿದೆ, ಚರ್ಮದ ಡಾಕ್ಟರಿಗೆ ಈಗಲೇ ತೋರಿಸಿ, ಅವರು ಹೇಳಿದ ಹಾಗೆ ಬಿಡಿಸಬೇಕು ಎಂದರು. ತಳ್ಳುವ ಮಾತ್ರೆಯನ್ನು ಅಂದೇ ನಿಲ್ಲಿಸಲು ಹೇಳಿದರು. ನಿಲ್ಲಿಸಿದ ಕೆಲವೇ ದಿನಕ್ಕೆ ಮುಟ್ಟು ಬರುತ್ತದೆ, ಬಂದ ಮೇಲೆ ಹಳೆಯ ಮಾತ್ರೆಯನ್ನು ಮತ್ತೆ ಶುರು ಮಾಡೋಣ ಎಂದರು.

“ಮದುವೆ ಹೊತ್ತಿಗೆ ಮುಖ ಸರಿಹೋಗುತ್ತದಾ?” ಎಂದು ಕೇಳಿದೆ.

“ಆಗಲ್ಲಮ್ಮ. ಉರಿ ಕಡಿಮೆಯಾಗುತ್ತೆ. ಮೊಡವೆ ಇಳಿಯೋಕೆ ತಿಂಗಳುಗಳು ಬೇಕು. ಆಗುತ್ತೆ ಅಂತ ಯಾರಾದರೂ ಹೇಳಿದರೆ ಅವರ ಹತ್ತಿರ ಹೋಗಬೇಡಿ.”

ಇಷ್ಟು ನೇರವಾಗಿ ಇಲ್ಲ ಎಂದ ಒಬ್ಬರನ್ನು ಈ ಇಡೀ ವಿಷಯದಲ್ಲಿ ಕಂಡದ್ದು ಅದೇ ಮೊದಲು. ಫೀಸಿನಲ್ಲಿ ಚೌಕಾಸಿ ಮಾಡದೆ ಕೊಟ್ಟೆ.

ಅಲ್ಲಿಂದ ಚರ್ಮದ ಡಾಕ್ಟರ ಹತ್ತಿರ, ಅಲ್ಲಿಂದ ಪಾರ್ಲರಿನ ಮೆಟ್ಟಿಲು. ಪಾರ್ಲರಮ್ಮ ನನ್ನನ್ನು ನೋಡಿ ಹೊಸ ಗಿರಾಕಿಯೆಂದು ಕುರ್ಚಿ ಹಾಕಿದಳು. ಅವಳೂ ನನ್ನ ಹಾಗೆ ಏನೂ ಇಲ್ಲದೆ ಶುರು ಮಾಡಿದವಳಿರಬಹುದು. ಅದಕ್ಕಾಗಿ ಮರುಕ ಬರಲಿಲ್ಲ. ತಮಿಳಿನಲ್ಲೇ ಮಾತಾಡಿದೆವು.

“ಈ ಡಬ್ಬಿಯಲ್ಲಿ ಏನಿದೆ?”

“ಅದು ನಮ್ಮ ಸ್ವಂತ ಫಾರ್ಮುಲಾ ಮೇಡಂ. ಹೊರಗೆ ಹೇಳೋದಿಲ್ಲ.”

“ನಾನು ಸೀರೆ ಮಾರ್ತೀನಿ. ರೇಷ್ಮೆ ಎಷ್ಟು, ಹತ್ತಿ ಎಷ್ಟು ಅಂತ ಕೇಳಿದವರಿಗೆ ಅದು ನನ್ನ ಗುಟ್ಟು ಅಂದರೆ ಸೀರೆಯನ್ನ ಮುಖಕ್ಕೆ ಎಸೀತಾರೆ. ನಿನಗೆ ಯಾರೂ ಇನ್ನೂ ಎಸೆದಿಲ್ಲವಾ?”

“ನಿಮ್ಮ ಹುಡುಗಿಗೆ ಒಳಗೇ ಏನೋ ಪ್ರಾಬ್ಲಂ ಇದೆ ಮೇಡಂ. ಬೇರೆಯವರಿಗೆಲ್ಲ ಸೂಟ್ ಆಗಿದೆ.”

ಒಳಗಿನ ಪ್ರಾಬ್ಲಂ ಅವಳಿಗೆ ಈಗ ತಿಳಿಯಿತು. ಹಣ ಕಟ್ಟಿಸಿಕೊಳ್ಳುವ ದಿನ ಏನಾದರೂ ಮಾತ್ರೆ ತಿನ್ನುತ್ತೀಯಾ ಎಂದು ಒಂದು ಮಾತು ಕೇಳಿರಲಿಲ್ಲ. ಕಾಯುತ್ತಿದ್ದ ಮೂವರು ಮದುವಣಗಿತ್ತಿಯರಿಗೆ ಕೇಳುವ ಹಾಗೆ ನಾನು ದನಿ ಸ್ವಲ್ಪ ಎತ್ತರಿಸಿ, ಹುಡುಗಿಯ ದುಪಟ್ಟಾ ತೆಗೆಸಿದೆ. ಬಾಯಿ ಮಾಡಬೇಕಾಗಲಿಲ್ಲ. ಪ್ಯಾಕೇಜಿನಲ್ಲಿ ಉಳಿದಿದ್ದ ಹಣವೆಲ್ಲ ಕೂಡಲೇ ವಾಪಸು ಬಂತು. ಮದುವೆಯ ದಿನ ಜಡೆ ಹೆಣೆಯುವುದನ್ನು ಬಿಟ್ಟಿಯಾಗಿ ಮಾಡಿಕೊಡುತ್ತೇನೆ ಎಂದಳು. ಜಡೆಗೆ ಬಾ, ಹಣೆಯಿಂದ ಕೆಳಗೆ ಕೈ ಇಳಿಸಬೇಡ ಎಂದೆ.

ತಳ್ಳುವ ಮಾತ್ರೆ ನಿಲ್ಲಿಸಿದರೆ ಮುಟ್ಟು ಬರುವುದು ಸರಿಯಾಗಿ ತೊಳುವಿನ ಪೂಜೆಯ ಹೊತ್ತಿಗೆ. ಇದನ್ನು ಹೇಳಿದಾಗ ತಂಗಿ ಗೋಡೆಗೆ ಒರಗಿ ಕುಳಿತಳು. ನಾದಿನಿ ಅಲ್ಲೇ ಇದ್ದಳು, ಅವಳು ಇಲ್ಲದ ಕಡೆಯಿಲ್ಲ.

“ಪೂಜೆ ಮುಗಿಯೋವರ್ಗೂ ಮಾತ್ರೆ ತಿಂದ್ರೆ ಏನು ಬಂತು? ಚುಮ್ಮಾ ಊರು ಕೂಡಿಸ್ಬ್ಯಾಡಾ,” ಎಂದಳು ಅವಳು.

“ನೀನು ತಿನ್ನು. ನಿನಗೆ ನಿಂತು ಎಷ್ಟೋ ವರ್ಷ ಆಯ್ತಲ್ಲ, ಇನ್ನೂ ಮುಂದಕ್ಕೆ ತಳ್ಳು,” ಎಂದೆ.

“ಇವಳ ಬಾಯಿಗೆ ಸೀರೆ ಮಾರಿ ಮಾರಿ ಜರಿ ಬಂದದೆ,” ಎಂದು ತಂಗಿಗೆ ಹೇಳಿ ಎದ್ದು ಹೋದಳು.

ಆಗಲೂ ತಂಗಿಗೆ ಮಗಳ ಚಿಂತೆಯಲ್ಲ. “ಪೂಜೆ ಮುಂದಕ್ಕೆ ಹಾಕಿದ್ರೆ ಯಾಕೆ ಅಂತ ಗೂಡಲೂರೋರು ಕೇಳ್ತಾರೆ. ಏನ್ ಹೇಳೋದಕ್ಕಾ?” ಎಂದಳು. ಇದ್ದದ್ದು ಹೇಳೋದು ಎಂದೆ. ಅದು ಅವಳಿಗೆ ಹೊಸ ಉಪಾಯದಂತೆ ಕೇಳಿಸಿತು. ಭಯವೂ ಆಯಿತು.

ಹೆಣ್ಣಿನ ಕಡೆಯವರು ಮದುವೆಗೆ ಮುಂಚೆ ಗಂಡಿನ ಮನೆಗೆ ಬರಿಗೈಯಲ್ಲಿ ಹೋಗಬಾರದು. ಚಿನ್ನಾಳಪಟ್ಟಿಯ ಒಂದು ಸೀರೆ ಕಟ್ಟಿಕೊಂಡು ನಾನೊಬ್ಬಳೇ ಬಸ್ಸು ಹತ್ತಿದೆ. ಕಂಬಂ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ದ್ರಾಕ್ಷಿ ಚಪ್ಪರ, ಎದುರಿಗೆ ಘಟ್ಟ. ಮದುಮಗನ ತಾಯಿ ಚಪ್ಪರದ ಕೆಳಗೆ ಕೂಲಿಯವರ ಜೊತೆ ಗೊಂಚಲು ಕತ್ತರಿಸಿ ಕ್ರೇಟಿಗೆ ತುಂಬಿಸುತ್ತಿದ್ದಳು. ಗಂಡ ಹೋದ ಮೇಲೆ ತೋಟವನ್ನೂ ವ್ಯಾಪಾರವನ್ನೂ ತಾನೇ ನಡೆಸಿದವಳು. ವ್ಯಾಪಾರದ ಹೆಂಗಸಿಗೆ ಇನ್ನೊಬ್ಬಳನ್ನು ಗುರುತಿಸಲು ಹೆಚ್ಚು ಹೊತ್ತು ಬೇಡ. ನನ್ನ ಕೈಯ ಸೀರೆಯ ಅಂಚನ್ನು ಅವಳು ನೋಡಿದ ರೀತಿಯಲ್ಲೇ ಅದರ ಬೆಲೆ ಅವಳಿಗೆ ಗೊತ್ತಾಯಿತು.

“ಬಾ ಅತ್ತಿಗೆ. ಇಷ್ಟು ದೂರ ಬಂದದೀಯ ಅಂದ್ರೆ ಚೆಂದದ ಸುದ್ದಿ ಅಲ್ಲ,” ಎಂದಳು.

“ಚೆಂದನೂ ಇಲ್ಲ, ಕೆಟ್ಟದ್ದೂ ಇಲ್ಲ. ಹುಡುಗಿ ಮೊಗ ಕೆಟ್ಟದೆ. ನಮ್ಮವ್ರೇ ಕೆಡಿಸಿದ್ದು.”

ಎಲ್ಲ ಹೇಳಿದೆ. ಮುಟ್ಟಿನ ಏರುಪೇರು, ದಿನದ ಮಾತ್ರೆ, ಅದನ್ನು ನಿಲ್ಲಿಸಿದ್ದು, ಕ್ರೀಮು, ತಳ್ಳುವ ಮಾತ್ರೆ. ಅವಳು ಕತ್ತರಿ ನಿಲ್ಲಿಸಲಿಲ್ಲ. ಒಂದು ಕ್ರೇಟು ತುಂಬಿ ಪಕ್ಕಕ್ಕೆ ತಳ್ಳಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು.

“ಆ ಮಾತ್ರೆ ತಿಂದ್ರೆ ಪಿಳ್ಳೆ ಆಗಲ್ಲ ದಾನೆ?”

“ತಿನ್ನೋವಾಗ ಆಗಲ್ಲ. ಬೇಕು ಅಂದಾಗ ಹೋಗಿ ಹೇಳ್ಬೇಕು, ಡಾಕ್ಟರಮ್ಮ ಬೇರೆ ಮದ್ದು ಮಾಡ್ತಾರೆ. ಸ್ವಲ್ಪ ತಡ ಆಗ್ಬೋದು. ಆಗಲ್ಲ ಅಂತ ಅವ್ರು ಹೇಳ್ಲಿಲ್ಲ. ಆಗೇ ಆಗುತ್ತೆ ಅಂತ ನಾನೂ ಹೇಳಲ್ಲ. ಇದ್ದದ್ದು ಹೇಳ್ದೆ. ಬ್ಯಾಡ ಅಂದ್ರೆ ಈಗ್ಲೇ ಹೇಳು. ಸೀರೆ ಇನ್ನೂ ಮಡಿಕೆ ಬಿಚ್ಚಿಲ್ಲ.”

ಅವಳು ನಕ್ಕಳು. ಆ ನಗು ಒಳ್ಳೆಯದಲ್ಲ ಎಂದು ನನಗೆ ಗೊತ್ತು, ಅದು ದರ ಹೇಳುವ ಮುಂಚಿನ ನಗು.

“ಪೂಜೆ ಮುಂದಕ್ಕೆ ಹೋದ್ರೆ ನಮ್ಮ ಕಡೆಯೋರು ಬಾಯಿ ಹಾಕ್ತಾರೆ. ತಾಳಿ ಆದ್ಮ್ಯಾಲೆ ಗಂಡೂ ಹೆಣ್ಣೂ ಕೂಡಿ ತೊಳುವಿಗೆ ಹೋಗ್ಲಿ. ಅದೇ ನಮ್ಮನೆ ಪದ್ಧತಿ ಅಂದ್ಬಿಡ್ತೀನಿ. ಆದ್ರೆ ದನಕ್ಕೆ ಒಂದು ಟ್ರ್ಯಾಕ್ಟರು ಹುಲ್ಲು ಹಾಕ್ಬೇಕು, ಊರು ನೋಡೋ ಹಂಗೆ. ಅದು ನಿಮ್ಮ ಕಡೆ ಖರ್ಚು.”

ಪದ್ಧತಿ ಎಂಬುದು ಎಷ್ಟು ಬೇಗ ಹುಟ್ಟುತ್ತದೆ ನೋಡಿ. ಒಂದು ಕ್ರೇಟು ದ್ರಾಕ್ಷಿ ತುಂಬುವಷ್ಟು ಹೊತ್ತು ಸಾಕು. ಇದೇ ಪದ್ಧತಿಗೋಸ್ಕರ ನಮ್ಮ ಮನೆಯಲ್ಲಿ ಒಂದು ಹುಡುಗಿಯ ಮೈಯನ್ನು ವಾರಗಟ್ಟಲೆ ಹಿಂಡಿದ್ದರು.

“ಇನ್ನೊಂದು,” ಎಂದಳು ಅವಳು. “ಮಾತ್ರೆ ನನ್ನ ಬೀರುವಲ್ಲಿರ್ಲಿ. ದಿನಾ ನಾನೇ ಎತ್ತಿ ಕೊಡ್ತೀನಿ. ಮನೇಗೆ ಬರೋರು ಹೋಗೋರು ನೋಡ್ಬಾರ್ದು.”

ನಾನು ಬಂದಿದ್ದ ವಿಷಯ ಇದೇ. ಹುಲ್ಲಿನಲ್ಲಿ ನಾನು ಅರ್ಧಕ್ಕೆ ಇಳಿಸಬಹುದಿತ್ತು. ಅರ್ಧ ಟ್ರ್ಯಾಕ್ಟರಿಗೆ ಅವಳು ಒಪ್ಪುತ್ತಿದ್ದಳು, ಕಣ್ಣಿನಲ್ಲಿ ಕಾಣುತ್ತಿತ್ತು. ಇಳಿಸಲಿಲ್ಲ.

“ಹುಲ್ಲು ಪೂರಾ ಟ್ರ್ಯಾಕ್ಟರು ಕೊಡ್ತೀವಿ. ಬೇಕಾದ್ರೆ ಮೇಳ ಬಾರಿಸ್ಕೊಂಡು ತರ್ತೀವಿ. ಮಾತ್ರೆ ಮಾತ್ರ ಅವಳ ಕೈಲಿ, ಅವಳ ಚೀಲದಲ್ಲಿ. ಡಾಕ್ಟರಮ್ಮನ ಹತ್ರ ಹೋಗೋದೂ ಅವಳೇ. ಯಾರ ಬೀರೂನೂ ಬ್ಯಾಡಾ.”

“ಅತ್ತೆ ಮ್ಯಾಲೆ ನಂಬಿಕೆ ಇಲ್ವಾ?”

“ನಮ್ಮನೇಲಿ ನಂಬಿಕೆ ಇಟ್ಟು ದಾನೆ ಇಲ್ಲೀವರ್ಗೂ ಬಂದದ್ದು.”

ಅವಳು ಇನ್ನೊಂದು ಗೊಂಚಲು ಕತ್ತರಿಸಿದಳು, ಅದರ ಕೊಳೆತ ಹಣ್ಣುಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. “ಸರಿ. ಮೇಳ ಬ್ಯಾಡಾ, ಅದಕ್ಕೂ ನಮ್ಮೋರು ಏನಾದ್ರೂ ಹೇಳ್ತಾರೆ,” ಎಂದಳು. ಆಮೇಲೆ ಸೀರೆ ಬಿಚ್ಚಿ ನೋಡಿ, ಅಂಚು ಇನ್ನೂ ಒಂದು ಬೆರಳು ಅಗಲ ಇರಬೇಕಾಗಿತ್ತು ಎಂದು ಹೇಳುವುದನ್ನೂ ಬಿಡಲಿಲ್ಲ. ಅವಳನ್ನು ನಾನು ಮೆಚ್ಚಲಿಲ್ಲ. ಆದರೆ ಅವಳ ಜೊತೆ ವ್ಯಾಪಾರ ಮಾಡಬಹುದು. ನನ್ನ ಸ್ವಂತ ಬಳಗದಲ್ಲಿ ಅಷ್ಟೂ ಸಾಧ್ಯವಿಲ್ಲ.

ಸಂಜೆ ಹುಡುಗಿಗೆ ಫೋನ್ ಮಾಡಿ ಹೇಳಿದೆ. “ನಂಗೋಸ್ರ ಒಂದು ಟ್ರ್ಯಾಕ್ಟರು ಹುಲ್ಲಾ? ನಾನೇನ್ ಎತ್ತಾ ದೊಡ್ಡವ್ವ?” ಎಂದಳು. ಬಹಳ ದಿನದ ಮೇಲೆ ಅವಳು ನಕ್ಕದ್ದು ಕೇಳಿದೆ.

ಡಾಕ್ಟರು ಹೇಳಿದ ಹಾಗೆಯೇ ಮುಟ್ಟು ಬಂತು, ಹಳೆಯ ಮಾತ್ರೆ ಮತ್ತೆ ಶುರುವಾಯಿತು. ಅರಿಶಿನ ಹಚ್ಚುವ ದಿನ ಹೆಂಗಸರೆಲ್ಲ ಬಟ್ಟಲು ಹಿಡಿದು ಸಾಲಾಗಿ ಬಂದರು. ನಾನು ಹುಡುಗಿಯ ಪಕ್ಕದಲ್ಲೇ ಕೂತೆ. ಅವಳು ಪ್ರತಿಯೊಬ್ಬರಿಗೂ ಕಾಲು ಚಾಚಿದಳು, ಕೈ ಚಾಚಿದಳು, ಮುಖವನ್ನು ಹಿಂದಕ್ಕೆ ಹಿಡಿದಳು. ನಾದಿನಿ ಮಾತ್ರ ಬೆರಳ ತುದಿಯಲ್ಲಿ ಅರಿಶಿನ ಎತ್ತಿ ಕೆನ್ನೆಗೆ ಬಂದಳು.

“ಕಾಲಿಗೆ ಅತ್ತೆ,” ಎಂದಳು ಹುಡುಗಿ.

“ಕೆನ್ನೆಗೆ ಇಕ್ದೇ ಇದ್ರೆ ಅದು ಶಾಸ್ತ್ರವಾ?”

“ಮೊಗಕ್ಕೆ ಬಾಯಲ್ಲಿ ತಿಂತೀನಲ್ಲ, ಅದಕ್ಕೇ ಮ್ಯಾಲೆ ಹಚ್ಚೋದು ಬ್ಯಾಡಾ.”

ಇಷ್ಟು ಜನರ ನಡುವೆ ಅದನ್ನು ಹೇಳಿದಳು. ಕೇಳಿದವರಿಗೆ ಅರ್ಥವಾಗಲಿಲ್ಲ, ಅರ್ಥವಾಗಬೇಕಾದವಳಿಗೆ ಆಯಿತು. ಬೆರಳು ಕೆಳಗಿಳಿದು ಹೆಬ್ಬೆರಳಿಗೆ ತಾಗಿತು.

ಮದುವೆಯ ಫೋಟೋಗಳಲ್ಲಿ ಅವಳ ಕೆನ್ನೆ ಕೆಂಪಾಗಿಯೇ ಇದೆ, ದವಡೆಯಲ್ಲಿ ಗುಳ್ಳೆಗಳಿವೆ. ಅದಕ್ಕೆ ಹೊಂದುವ ಹಾಗೆ ನಾನು ಹುಡುಕಿ ಕೊಟ್ಟದ್ದು ಗಿಣಿ ಹಸಿರಿನ ಸೀರೆ. ಬಂದವರಲ್ಲಿ ಕೆಲವರು ಮುಖ ನೋಡಿ ಪಿಸುಗುಟ್ಟಿದರು, ಉಂಡು ಹೋದರು. ತಾಳಿಯಾದ ಮೇಲೆ ಗಂಡು ಹೆಣ್ಣು ಇಬ್ಬರೂ ತೊಳುವಿಗೆ ಹೋಗಿ ಎತ್ತಿನ ಗೊರಸಿಗೆ ನೀರು ಹುಯ್ದರು. ಟ್ರ್ಯಾಕ್ಟರ್ ಬಂದು ಹುಲ್ಲು ಸುರಿಯಿತು. ಎತ್ತು ಹುಲ್ಲು ತಿಂದಿತು. ಯಾವ ಕ್ರಮದಲ್ಲಿ ಬಂದಿರಿ ಎಂದು ಅದು ಕೇಳಲಿಲ್ಲ. ಗೂಡಲೂರಿಗೆ ಹೊರಡುವಾಗ ಹುಡುಗಿ ತನ್ನ ಕೈಚೀಲವನ್ನು ತಾನೇ ಹಿಡಿದುಕೊಂಡಳು. ಮದುಮಗ ಕೊಡು ಎಂದು ಕೈ ಚಾಚಿದ, ಅವಳು ಪೆಟ್ಟಿಗೆ ಕೊಟ್ಟಳು, ಚೀಲ ಕೊಡಲಿಲ್ಲ. ಈಗ ಅವಳ ದವಡೆ ಮತ್ತೆ ನುಣುಪಾಗಿದೆ. ಕೆನ್ನೆಯ ಮೇಲೆ ಕ್ರೀಮಿನ ಗುರುತು ಸ್ವಲ್ಪ ಉಳಿದಿದೆ, ಬಿಸಿಲಿಗೆ ಹೋದರೆ ಕೆಂಪಾಗುತ್ತದೆ.

ನಿಮ್ಮ ಮನೆಯಲ್ಲೂ ಮದುವೆ ಇರಬಹುದು, ಅದಕ್ಕೆ ಹೇಳುತ್ತೇನೆ. ಹೆಣ್ಣಿಗೆ ಮುಟ್ಟು ಏರುಪೇರಿದ್ದು ದವಡೆಯಲ್ಲಿ ಮೊಡವೆಯಿದ್ದರೆ ಮೊದಲು ಹೆಂಗಸರ ಡಾಕ್ಟರಿಗೆ ತೋರಿಸಿ, ಪಾರ್ಲರು ಆಮೇಲೆ. ಅದನ್ನೂ ಮದುವೆಗೆ ಆರೇಳು ತಿಂಗಳು ಇರುವಾಗಲೇ ಶುರು ಮಾಡಿ, ಒಳಗಿನ ಮದ್ದು ಮುಖದಲ್ಲಿ ಕಾಣಲು ಅಷ್ಟು ಸಮಯ ಬೇಕು. ಡಾಕ್ಟರು ಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ, ಮುಟ್ಟು ಮುಂದೆ ತಳ್ಳುವ ಮಾತ್ರೆಯನ್ನು ಅವರನ್ನು ಕೇಳದೆ ಕೊಳ್ಳಬೇಡಿ. ತಿನ್ನುತ್ತಿರುವ ಮಾತ್ರೆಯಿಂದಲೇ ದಿನವನ್ನು ಸರಿಹೊಂದಿಸಬಹುದಾ ಎಂದು ಅವರನ್ನೇ ಕೇಳಿ, ಇಲ್ಲದಿದ್ದರೆ ಪೂಜೆಯ ದಿನ ಬದಲಿಸಿ. ದಿನ ಬದಲಿಸಿದ್ದಕ್ಕೆ ಯಾವ ದೇವರೂ ಇಲ್ಲಿಯವರೆಗೆ ದಂಡ ಹಾಕಿದ್ದನ್ನು ನಾನು ಕಂಡಿಲ್ಲ, ಮನುಷ್ಯರು ಹಾಕುತ್ತಾರೆ, ಅದನ್ನು ಹುಲ್ಲಿನಲ್ಲಿ ಮುಗಿಸಬಹುದು. ಹೆಸರು ಬರೆಯದ ಡಬ್ಬಿಯಲ್ಲಿರುವುದನ್ನು ಮುಖಕ್ಕೆ ಹಚ್ಚಬೇಡಿ, ಒಂದು ವಾರದಲ್ಲಿ ಬೆಳ್ಳಗಾದರೆ ಇನ್ನೂ ಹೆದರಿ. ಮದುವೆಯ ಹಿಂದಿನ ತಿಂಗಳು ಹೊಸದೇನನ್ನೂ ಮುಖಕ್ಕೆ ತಾಗಿಸಬೇಡಿ. ಪ್ಯಾಕೇಜಿನ ಹಣವನ್ನು ಒಮ್ಮೆಗೆ ಕಟ್ಟಬೇಡಿ, ಪ್ರತಿ ಸಲ ಬಂದಾಗ ಅಷ್ಟಷ್ಟೇ ಕೊಡಿ. ಗಂಡಿನ ಮನೆಗೆ ಇದ್ದದ್ದನ್ನು ಮೊದಲೇ ಹೇಳಿ, ತಾಳಿಯಾದ ಮೇಲೆ ಹೇಳಿದರೆ ದರ ಏರುತ್ತದೆ. ಇನ್ನೊಂದು, ಮದುವೆ ಮನೆಯಲ್ಲಿ ಸೇಫ್ಟಿ ಪಿನ್ನುಗಳನ್ನು ಒಂದು ತಟ್ಟೆಯಲ್ಲಿ ಹಾಕಿ ಎಲ್ಲರಿಗೂ ಕಾಣುವ ಹಾಗೆ ಹೊರಗಿಡಿ. ಹುಡುಗಿಯ ಕೈಚೀಲಕ್ಕೆ ಕೈ ಹಾಕಲು ಯಾರಿಗೂ ಕಾರಣ ಇರಬಾರದು.